ಎರಡು ಪಿಕಪ್‌ಗಳ ಹಗ್ಗ ಜಗ್ಗಾಟ: ಅಪಾಯವಿಲ್ಲದೆ, ನ್ಯಾಯವಾಗಿ ನಡೆಸುವ ಬಗೆ

ಎರಡು ಪಿಕಪ್‌ಗಳನ್ನು ಬೆನ್ನಿಗೆ ಬೆನ್ನು ಮಾಡಿ ನಿಲ್ಲಿಸಿ, ನಡುವೆ ಬೆಲ್ಟ್ ಹಾಕಿ ಎಳೆಸಿದರೆ ಸಾಮಾನ್ಯವಾಗಿ ಗೆಲ್ಲುವುದು ತೂಕ ಹೆಚ್ಚಿರುವ, ಟೈರು ಚೆನ್ನಾಗಿ ನೆಲ ಕಚ್ಚುವ ಗಾಡಿ. ಎಂಜಿನ್ನಿನ ಬಲ ಅಲ್ಲಿ ಎರಡನೇ ಮಾತು. ಫೋರ್-ಲೋನಲ್ಲಿ, ಅಂದರೆ ನಾಲ್ಕೂ ಚಕ್ರಕ್ಕೆ ಬಲ ಕೊಟ್ಟು ನಿಧಾನಕ್ಕೆ ಓಡಿಸುವ ತಗ್ಗು ಗೇರಿನಲ್ಲಿ, ಮೊದಲ ಗೇರು ಹಾಕಿದರೆ ಚಕ್ರಗಳನ್ನು ನಿಂತಲ್ಲೇ ತಿರುಗಿಸುವಷ್ಟು ಟಾರ್ಕ್, ಅಂದರೆ ತಿರುಚು ಬಲ, ಹೆಚ್ಚಿನ ಪಿಕಪ್‌ಗಳಿಗೆ ಇದ್ದೇ ಇರುತ್ತದೆ. ಟೈರು ಪೂರ್ತಿ ಜಾರತೊಡಗಿದ ಮೇಲೆ ಎಷ್ಟು ಆಕ್ಸಿಲರೇಟರ್ ಒತ್ತಿದರೂ ಎಳೆತ ಹೆಚ್ಚುವುದಿಲ್ಲ.

ಲೆಕ್ಕ ಸರಳ. 2,000 ಕೆಜಿ ತೂಕದ ಫೋರ್ ವೀಲ್ ಡ್ರೈವ್ ಗಾಡಿಗೆ ಮಣ್ಣಿನ ಮೇಲೆ ಹಿಡಿತ 0.5, ಅಂದರೆ ತೂಕದ ಅರ್ಧದಷ್ಟು, ಎಂದುಕೊಂಡರೆ ಅದು ಎಳೆಯಬಲ್ಲದ್ದು ಸುಮಾರು 1,000 ಕೆಜಿಯಷ್ಟು ಬಲದಿಂದ. ಅದೇ ಗಾಡಿ ಹಿಂದಿನ ಚಕ್ರಗಳಿಂದ ಮಾತ್ರ ಓಡುವಂಥದ್ದಾದರೆ, ಖಾಲಿ ಇದ್ದಾಗ ಹಿಂಭಾಗದ ಮೇಲೆ ಕೂತಿರುವ ತೂಕ ಅರ್ಧಕ್ಕಿಂತ ಕಡಿಮೆ. ಎಳೆತವೂ ಅಷ್ಟಕ್ಕೇ ಇಳಿಯುತ್ತದೆ. ಹಾಗಾಗಿ ಟೂ ವೀಲನ್ನು ಫೋರ್ ವೀಲಿನ ಎದುರು ನಿಲ್ಲಿಸುವುದು ಹೋಲಿಕೆಯೇ ಅಲ್ಲ.

ಮೊದಲು ಎರಡನ್ನೂ ಚಾಲಕ, ಇಂಧನ ಸಮೇತ ವೇಬ್ರಿಜ್ ಮೇಲೆ ತೂಗಿಸಿ. ವ್ಯತ್ಯಾಸವಿದ್ದರೆ ಹಗುರ ಗಾಡಿಯ ಹಿಂದಿನ ಆಕ್ಸಲ್ ಮೇಲೆ ಬರುವಂತೆ ಮರಳಿನ ಚೀಲ ಇಟ್ಟು ಬಿಗಿಯಾಗಿ ಕಟ್ಟಿ. ಟೈರಿನ ಗಾಳಿಯ ಬಗ್ಗೆ ಇಬ್ಬರೂ ಮೊದಲೇ ಒಪ್ಪಿಕೊಳ್ಳಬೇಕು: ಒಬ್ಬರು 35 ಪಿಎಸ್‌ಐ ಇಟ್ಟು ಇನ್ನೊಬ್ಬರು 20ಕ್ಕೆ ಇಳಿಸಿದರೆ, ಸಡಿಲ ಮಣ್ಣಿನಲ್ಲಿ ಗಾಳಿ ಇಳಿಸಿದ ಟೈರು ಅಗಲವಾಗಿ ಕೂತು ಗೆದ್ದುಬಿಡುತ್ತದೆ. ಡಿಫರೆನ್ಷಿಯಲ್ ಲಾಕ್ (ಎಡ-ಬಲ ಚಕ್ರಗಳು ಒಂದೇ ವೇಗದಲ್ಲಿ ತಿರುಗುವಂತೆ ಬೆಸೆಯುವ ವ್ಯವಸ್ಥೆ) ಒಂದರಲ್ಲೇ ಇದ್ದರೆ ಅದನ್ನು ಹಾಕದೆ ಎಳೆಸಿ. ಸವೆದ ಟೈರು ಮತ್ತು ಹೊಸ ಮಡ್ ಟೈರಿನ ನಡುವಿನ ಅಂತರವನ್ನು ಮಾತ್ರ ಯಾವ ಹೊಂದಾಣಿಕೆಯೂ ಮುಚ್ಚುವುದಿಲ್ಲ. ಅಲ್ಲಿ ಗೆದ್ದದ್ದು ಟೈರು ಎಂದೇ ತಿಳಿಯಿರಿ.

ಬೆಲ್ಟ್ ಕಟ್ಟುವ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಎತ್ತರದಲ್ಲಿ ಕಟ್ಟಿದ ಗಾಡಿಯ ಹಿಂಭಾಗವನ್ನು ಬೆಲ್ಟ್ ಕೆಳಕ್ಕೆ ಒತ್ತುತ್ತದೆ, ತಗ್ಗಿನಲ್ಲಿ ಕಟ್ಟಿದ್ದರ ಹಿಂಭಾಗವನ್ನು ಮೇಲಕ್ಕೆ ಎತ್ತುತ್ತದೆ. ಎತ್ತರದ ವ್ಯತ್ಯಾಸ 30 ಸೆಂ.ಮೀ., ಎಳೆತ 1,000 ಕೆಜಿ ಇದ್ದರೆ, 3 ಮೀಟರ್ ಬೆಲ್ಟ್‌ನಲ್ಲಿ ಇದು ಸುಮಾರು 100 ಕೆಜಿ. 10 ಮೀಟರ್ ಬೆಲ್ಟ್‌ನಲ್ಲಿ 30 ಕೆಜಿ ಮಾತ್ರ. ಆದ್ದರಿಂದ 8ರಿಂದ 10 ಮೀಟರಿನ ಒಂದೇ ತುಂಡು ಬೆಲ್ಟ್ ಬಳಸಿ. ಎರಡನ್ನು ಗಂಟು ಹಾಕಬೇಡಿ, ನಡುವೆ ಶ್ಯಾಕಲ್ (ಅಡ್ಡ ಪಿನ್ ಇರುವ U ಆಕಾರದ ಉಕ್ಕಿನ ಕೊಂಡಿ) ಇಟ್ಟೂ ಜೋಡಿಸಬೇಡಿ.

ಜೀವಕ್ಕೆ ಕುತ್ತು ಬರುವುದು ಇಲ್ಲಿಂದಲೇ, ಆದ್ದರಿಂದ ಕಟ್ಟುವ ಕೆಲಸದಲ್ಲಿ ಅವಸರ ಬೇಡ. ಟ್ರೈಲರ್ ಕಟ್ಟುವ ಲೋಹದ ಗುಂಡಿನ ಕೊಂಡಿಗೆ, ಅಂದರೆ ಟೋ ಬಾಲ್‌ಗೆ, ಬೆಲ್ಟ್ ಸಿಕ್ಕಿಸಲೇಬಾರದು. ಅದರ ಕುತ್ತಿಗೆ ಮುರಿದರೆ ಗುಂಡು ಬೆಲ್ಟಿನ ಸೆಳೆತಕ್ಕೆ ಎದುರಿನ ಗಾಡಿಯ ಗಾಜು ಒಡೆದು ಒಳಗೆ ನುಗ್ಗುತ್ತದೆ. ಸಾಗಣೆಯಲ್ಲಿ ಗಾಡಿ ಅಲುಗದಂತೆ ಕಟ್ಟಲು ಕೊಟ್ಟಿರುವ ಸಣ್ಣ ಕೊಂಡಿ, ಬಂಪರ್, ಆಕ್ಸಲ್ ಇವೂ ಬೇಡ. ಚಾಸಿಗೆ ಬೋಲ್ಟ್ ಆಗಿರುವ ಎಳೆಯುವ ಹುಕ್ ಅಥವಾ ರಿಸೀವರ್‌ಗೆ (ಗಾಡಿಯ ಹಿಂದೆ ಚಾಸಿಗೆ ಕೂಡಿಸಿದ ಚೌಕ ಕೊಳವೆ) ಕೂರಿಸುವ ಶ್ಯಾಕಲ್ ಬ್ಲಾಕ್ ಬಳಸಿ. ಸುಮಾರು 2 ಟನ್ ಗಾಡಿಗಳಿಗೆ 4.75 ಟನ್ ಎಂದು ಅಚ್ಚಾಗಿರುವ 19 ಮಿ.ಮೀ. ಶ್ಯಾಕಲ್, 8 ಟನ್ ಅಥವಾ ಹೆಚ್ಚಿಗೆ ತುಂಡಾಗುವ ಪಾಲಿಯೆಸ್ಟರ್ ಬೆಲ್ಟ್ ಇರಲಿ. ಕೆಸರಿನಿಂದ ಗಾಡಿ ಎತ್ತಲು ಬಳಸುವ, ರಬ್ಬರಿನಂತೆ ಹಿಗ್ಗುವ ನೈಲಾನ್ ಹಗ್ಗ ಇಲ್ಲಿಗೆ ಸಲ್ಲದು; ಹಿಗ್ಗಿದಷ್ಟೂ ಶಕ್ತಿ ಅದರಲ್ಲಿ ಕೂಡಿರುತ್ತದೆ, ಕಿತ್ತರೆ ಅಷ್ಟೇ ರಭಸದಿಂದ ಹಿಂದಕ್ಕೆ ಹೊಡೆಯುತ್ತದೆ. ಬೆಲ್ಟಿನ ನಡುವೆ ಒದ್ದೆ ಕಂಬಳಿ ಹಾಕಿ, ಹಿಂದಿನ ಡಾಲಾ ಬಾಗಿಲು ಮುಚ್ಚಿಡಿ. ನೋಡುವವರು ಪಕ್ಕದಲ್ಲಿ, ಬೆಲ್ಟಿನ ಉದ್ದದ ಒಂದೂವರೆ ಪಟ್ಟು ದೂರದಲ್ಲಿ ನಿಲ್ಲಬೇಕು. ಬೆಲ್ಟಿನ ನೇರಕ್ಕೆ ಯಾರೂ ಇರಕೂಡದು.

ಜಾಗ ಗಟ್ಟಿ ಮಣ್ಣಿನ ಮಟ್ಟಸ ನೆಲವಾಗಿರಲಿ. ಡಾಂಬರು, ಕಾಂಕ್ರೀಟ್ ಬೇಡ: ಮಣ್ಣಿನಲ್ಲಿ ಟೈರು ಜಾರುವುದೇ ಫ್ಯೂಸಿನ ಹಾಗೆ ಕೆಲಸ ಮಾಡುತ್ತದೆ, ಡಾಂಬರಿನ ಮೇಲೆ ಟೈರು ಬಿಡದಿದ್ದರೆ ಹೊರೆಯೆಲ್ಲ ಚಕ್ರಕ್ಕೆ ಬಲ ಒಯ್ಯುವ ಯೂನಿವರ್ಸಲ್ ಜಾಯಿಂಟ್, ಆಕ್ಸಲ್ ಶಾಫ್ಟ್ ಮೇಲೆ ಬೀಳುತ್ತದೆ. ಕಣ್ಣಿಗೆ ಕಾಣದ ಶೇ. 1ರ ಇಳಿಜಾರೂ 2,000 ಕೆಜಿಯ ಒಂದು ಗಾಡಿಗೆ 20 ಕೆಜಿ ಕೊಟ್ಟು, ಇನ್ನೊಂದರಿಂದ 20 ಕೆಜಿ ಕಸಿಯುತ್ತದೆ. ಪ್ರತಿ ಸುತ್ತಿನ ನಂತರ ದಿಕ್ಕು ಬದಲಿಸಿ, ಜೊತೆಗೆ ಚಕ್ರ ಅಗೆದ ಗುಂಡಿ ಬಿಟ್ಟು ಹೊಸ ನೆಲಕ್ಕೆ ಸರಿಯಿರಿ.

ಬೆಲ್ಟಿನ ಮಧ್ಯಕ್ಕೆ ಬಣ್ಣದ ಬಟ್ಟೆ ಕಟ್ಟಿ, ಅದರ ಕೆಳಗೆ ನೆಲದ ಮೇಲೆ ಒಂದು ಗೆರೆ, ಎರಡೂ ಕಡೆ 3 ಮೀಟರಿಗೆ ಒಂದೊಂದು ಗೆರೆ ಎಳೆಯಿರಿ. ಎರಡೂ ಗಾಡಿ ಫೋರ್-ಲೋ, ಮೊದಲ ಗೇರಿನಲ್ಲಿ ಇಂಚಿಂಚಾಗಿ ಮುಂದೆ ಹೋಗಿ ಬೆಲ್ಟ್ ಬಿಗಿಯಾಗುವವರೆಗೆ ಸರಿಯಲಿ. ಸಡಿಲ ಬಿಟ್ಟು ಓಡಿ ಬಂದು ಎಳೆಯುವುದಕ್ಕೆ ಅವಕಾಶವೇ ಬೇಡ, ಒಂದು ಜಗ್ಗಿಗೆ ಹೊರೆ ಹಲವು ಪಟ್ಟಾಗುತ್ತದೆ. ಬಾವುಟ ಇಳಿದ ಮೇಲೆ ಆಕ್ಸಿಲರೇಟರನ್ನು ಎರಡು ಸೆಕೆಂಡಿನಲ್ಲಿ ನಿಧಾನಕ್ಕೆ ಏರಿಸಿ. ಸಡಿಲ ಮಣ್ಣಿನಲ್ಲಿ ಚಕ್ರ ಸ್ವಲ್ಪ ಜಾರುತ್ತಿದ್ದಾಗಲೇ ಎಳೆತ ಹೆಚ್ಚು. ಸಿಕ್ಕಾಪಟ್ಟೆ ತಿರುಗತೊಡಗಿದರೆ ಕಾಲು ಸ್ವಲ್ಪ ಎತ್ತಿ. ಬಟ್ಟೆ 3 ಮೀಟರ್ ಗೆರೆ ದಾಟಿತೋ, ಅಥವಾ 10 ಸೆಕೆಂಡ್ ಆಯಿತೋ, ಆಟ ಮುಗಿಯಿತು.

ಹಿಂಭಾಗ ಧಡಧಡ ಕುಣಿಯತೊಡಗಿದರೆ ತಕ್ಷಣ ಕಾಲು ತೆಗೆಯಿರಿ. ಚಕ್ರ ಗಾಳಿಗೆದ್ದು ಮತ್ತೆ ನೆಲ ಕಚ್ಚುವ ಆ ಗಳಿಗೆಯಲ್ಲೇ ಆಕ್ಸಲ್ ಮುರಿಯುವುದು. ಕ್ಲಚ್ಚಿನ ಸುಟ್ಟ ವಾಸನೆ ಬಂದರೆ ಅಂದಿನ ಆಟ ಅಲ್ಲಿಗೇ ಸಾಕು. ಆಟೋಮ್ಯಾಟಿಕ್ ಗಾಡಿ ಪೂರ್ತಿ ಆಕ್ಸಿಲರೇಟರ್ ಮೇಲೆ ಅಲುಗದೆ ನಿಂತರೆ ಕ್ಲಚ್ಚಿನ ಬದಲು ಎಣ್ಣೆಯ ಮೂಲಕ ಬಲ ದಾಟಿಸುವ ಟಾರ್ಕ್ ಕನ್ವರ್ಟರಿನ ಎಣ್ಣೆ ಸೆಕೆಂಡುಗಳಲ್ಲೇ ಕಾಯುತ್ತದೆ. 5 ಸೆಕೆಂಡಿಗೇ ಬಿಡಿ. ಸುತ್ತುಗಳ ನಡುವೆ ಎಂಜಿನ್ ಆರಿಸದೆ, ನ್ಯೂಟ್ರಲ್‌ನಲ್ಲಿ ಐದು ನಿಮಿಷ ಓಡಲಿ.

ಎಂಜಿನ್ನುಗಳನ್ನೇ ಹೋಲಿಸಬೇಕಿದ್ದರೆ ಈ ಆಟ ಬಿಟ್ಟು, ಒಂದೇ ಟ್ರೈಲರನ್ನು ಒಂದೇ ಹೊರೆಯೊಂದಿಗೆ ಒಂದೇ ಏರಿನಲ್ಲಿ ಒಂದೊಂದಾಗಿ ಹತ್ತಿಸಿ ಸಮಯ ನೋಡಿ. ಹೊರೆ ಕಂಪನಿ ಹೇಳಿದ ಮಿತಿಯೊಳಗೇ ಇರಲಿ.

ಮುಗಿದ ಮೇಲೆ ಗಾಡಿಯ ಕೆಳಗೆ ನುಸುಳಿ ಜಾಯಿಂಟ್‌ಗಳ ಬೋಲ್ಟ್, ಹುಕ್ ಕೂತ ಜಾಗದ ಚಾಸಿ, ಡಿಫರೆನ್ಷಿಯಲ್ ಸುತ್ತ ಎಣ್ಣೆ ಜಿನುಗು ನೋಡಿ. ಬೆಲ್ಟಿನ ಅಂಚಿನಲ್ಲಿ ಸೀಳು, ಕರಗಿದ ಗುರುತು ಕಂಡರೆ ಅದನ್ನು ಅಲ್ಲೇ ಎರಡು ತುಂಡು ಮಾಡಿಬಿಡಿ. ಹಾಗೇ ಇಟ್ಟರೆ ಮುಂದಿನ ಸಲ ಯಾರಾದರೂ ಕಟ್ಟಿಯೇ ಕಟ್ಟುತ್ತಾರೆ.