ಕಕ್ಕಡದವರೆಗೆ ಕೆಡದ ಮೊಟ್ಟೆ: ನನ್ನ ಅನುಭವ

ಫೆಬ್ರವರಿ ಕೊನೆಯಲ್ಲಿ ಸುಣ್ಣದ ನೀರಿಗೆ ಇಳಿಸಿದ ನಾಟಿ ಮೊಟ್ಟೆಗಳನ್ನು ಈಗ ಕಕ್ಕಡದಲ್ಲಿ, ಅಂದರೆ ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗಿನ ನಮ್ಮ ಕೊಡಗಿನ ಮಳೆ ತಿಂಗಳಲ್ಲಿ, ತಿನ್ನುತ್ತಿದ್ದೇವೆ. ಭರಣಿಯಲ್ಲಿ ಇನ್ನೂ ಮೂರು ಡಜನ್‌ನಷ್ಟು ಉಳಿದಿವೆ. ಸುಣ್ಣ ಇರುವುದು ಗೋಡೆಗೆ ಮತ್ತು ವೀಳ್ಯದೆಲೆಗೆ ಎಂದು ನಕ್ಕಿದ್ದ ಪಕ್ಕದ ತೋಟದವರೇ ಹೋದ ವಾರ ಬಂದು ಅಳತೆ ಬರೆದುಕೊಂಡು ಹೋದರು. ಇನ್ನೂ ಕೆಲವರು ಕೇಳುತ್ತಿರುವುದರಿಂದ ಒಮ್ಮೆಗೇ ಬರೆದುಬಿಡುತ್ತೇನೆ. ಕೋಳಿ ಸಾಕುವವರಿಗೆ ಗೂಡು, ಮೇವಿನ ಪಾಠ ಬೇಕಿಲ್ಲ.

ನಮ್ಮ ತೊಂದರೆ ಎಲ್ಲರಿಗೂ ಗೊತ್ತಿರುವುದೇ. ಬೇಸಿಗೆಯಲ್ಲಿ ಬುಟ್ಟಿಗಟ್ಟಲೆ ಮೊಟ್ಟೆ, ಕೊಳ್ಳುವವರು ಕಡಿಮೆ. ಜೂನ್ ದಾಟಿದರೆ ಬೆಳಕಿಲ್ಲ, ಹೇಂಟೆಗಳು ಗರಿ ಉದುರಿಸಿಕೊಂಡು ಕೂರುತ್ತವೆ. ಆಗಲೇ ಹೋಂಸ್ಟೇಯವರು ನಾಟಿ ಮೊಟ್ಟೆ ಬೇಕೆಂದು ಮನೆ ಬಾಗಿಲಿಗೆ ಬರುತ್ತಾರೆ. ಫ್ರಿಜ್ ಇದೆಯಲ್ಲ ಎನ್ನುವವರು ಮಳೆಗಾಲದಲ್ಲಿ ನಮ್ಮ ಕಡೆ ಉಳಿದು ನೋಡಬೇಕು. 2018ರ ಆಗಸ್ಟ್‌ನಲ್ಲಿ ಗುಡ್ಡಗಳು ಕುಸಿದಾಗ ನಮ್ಮ ಮನೆಗೆ ವಾರಕ್ಕೂ ಹೆಚ್ಚು ಕಾಲ ವಿದ್ಯುತ್ ಇರಲಿಲ್ಲ. ತಣ್ಣಗಿದ್ದ ಮೊಟ್ಟೆ ಬೆಚ್ಚಗಾದಾಗ ಓಡಿನ ಮೇಲೆ ಬೆವರು ಕಟ್ಟುತ್ತದೆ. ಆ ನೀರಿನ ಜೊತೆ ಹೊರಗಿನ ಕೊಳೆ ಓಡಿನ ಸಣ್ಣ ರಂಧ್ರಗಳ ಮೂಲಕ ಒಳಗಿಳಿಯುತ್ತದೆ. ಆ ವರ್ಷ ಕೂಡಿಟ್ಟದ್ದೆಲ್ಲ ಗೊಬ್ಬರದ ಗುಂಡಿಗೆ ಹೋಯಿತು.

ಅಲ್ಲಿಂದ ಹಿರಿಯರು ಹೇಳಿದ ಒಂದೊಂದು ದಾರಿಯನ್ನೂ ಹಿಡಿದು ನೋಡಿದೆ. ಭತ್ತದ ಹೊಟ್ಟಿನಲ್ಲಿ ಹೂತಿಟ್ಟರೆ ಬೇಸಿಗೆಯಲ್ಲಿ ಮೂರು ವಾರ ಚೆನ್ನಾಗಿಯೇ ಇರುತ್ತದೆ. ಮಳೆ ಹಿಡಿದ ಮೇಲೆ ಹೊಟ್ಟು ತೇವ ಹೀರಿ ಓಡಿನ ಮೇಲೆ ಬೂಷ್ಟು ಬರುತ್ತದೆ. ಉಪ್ಪಿನ ಡಬ್ಬಿ ಬಯಲುಸೀಮೆಯಲ್ಲಿ ನಡೆಯಬಹುದು. ಇಲ್ಲಿ ಜುಲೈ ಹೊತ್ತಿಗೆ ಉಪ್ಪೇ ನೀರಾಗುತ್ತದೆ. ಒಲೆಯ ಮೇಲಿನ ಅಟ್ಟ ಒಣ ಮೀನಿಗೆ, ಹೊಗೆಯಾಡಿಸಿದ ಹಂದಿ ಮಾಂಸಕ್ಕೆ ಸರಿ. ಮೊಟ್ಟೆಗೆ ಆ ಬಿಸಿ ವೈರಿ: ಒಳಗಿನ ತೇವ ಆವಿಯಾಗಿ ದಪ್ಪ ತುದಿಯೊಳಗಿನ ಗಾಳಿಗೂಡು ದೊಡ್ಡದಾಗುತ್ತದೆ, ಹಳದಿ ಒಂದು ಬದಿಗೆ ಅಂಟಿಕೊಳ್ಳುತ್ತದೆ. ಅಡುಗೆ ಎಣ್ಣೆ ಸವರಿದ ಮೊಟ್ಟೆಗಳು ತಿಂಗಳ ಮೇಲೆ ಉಳಿದವು, ಆದರೆ ಎಣ್ಣೆಯೇ ಕಮಟು ಹಿಡಿದು ಮನೆಯವರು ಮುಟ್ಟಲಿಲ್ಲ. ಈ ಪ್ರಯೋಗಗಳಿಗೆ ಮೊಟ್ಟೆ, ಡಬ್ಬಿ, ಎಣ್ಣೆ ಸೇರಿ ನಾಲ್ಕೈದು ಸಾವಿರ ರೂಪಾಯಿ ಹೋಗಿರಬೇಕು.

ಕೊನೆಗೆ ಗೆದ್ದದ್ದು ಸುಣ್ಣ. ಇಲ್ಲಿ ಸ್ವಲ್ಪ ನಿಧಾನವಾಗಿ ಓದಿ, ಏಕೆಂದರೆ ಕಾಫಿ ತೋಟದ ಮನೆಯಲ್ಲಿ ಸುಣ್ಣ ಎಂಬ ಹೆಸರಿನ ಚೀಲ ಒಂದಲ್ಲ, ನಾಲ್ಕು ಇರುತ್ತವೆ. ಮಣ್ಣಿನ ಹುಳಿ ತೆಗೆಯಲು ಗಿಡದ ಬುಡಕ್ಕೆ ಹಾಕುವ ಕೃಷಿ ಸುಣ್ಣ ಮತ್ತು ಡೋಲೋಮೈಟ್ ಈ ಕೆಲಸಕ್ಕೆ ಬಾರವು. ಅವು ಸುಡದ ಕಲ್ಲಿನ ಪುಡಿ, ನೀರಿನಲ್ಲಿ ಕರಗುವುದಿಲ್ಲ ಎಂದೇ ಹೇಳಬೇಕು. ಗೋಡೆಗೆ ಬಳಿಯುವ ಸುಣ್ಣದಲ್ಲಿ ನೀಲಿ, ಅಂಟು ಬೆರೆತಿರುತ್ತದೆ. ಗಿಡಗಳ ಕೊಳೆರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣಕ್ಕೆ ತಂದ ಸುಣ್ಣ ಜಾತಿಯಲ್ಲಿ ಸರಿಯೇ, ಆದರೆ ಅದು ವಿಷವಾದ ಮೈಲುತುತ್ತದ ಪಕ್ಕದಲ್ಲಿ ಕುಳಿತಿರುತ್ತದೆ; ಆ ಚೀಲವನ್ನೂ, ಆ ಡ್ರಮ್ಮನ್ನೂ, ಆ ಕೋಲನ್ನೂ ಅಡುಗೆ ಮನೆಗೆ ತರಲೇಬೇಡಿ. ಬೇಕಾದದ್ದು ತಿನ್ನಲು ಯೋಗ್ಯವಾದ, ಬಣ್ಣ ಮತ್ತು ವಾಸನೆ ಬೆರೆಸದ, ಹೊಸದಾಗಿ ಅರಳಿದ ಸುಣ್ಣ, ಅಂದರೆ ಸುಟ್ಟ ಸುಣ್ಣಕ್ಕೆ ನೀರು ಹಾಕಿ ಪುಡಿಯಾಗಿಸಿದ್ದು. ನಾನು ಕರಾವಳಿಯಿಂದ ಬರುವ ಚಿಪ್ಪು ಸುಣ್ಣವನ್ನು ತರಿಸುತ್ತೇನೆ. ಯಾರಿಂದ ಎಂಬುದನ್ನು ಹೇಳುವುದಿಲ್ಲ, ಅವರ ಬಳಿ ಇರುವುದೇ ಸ್ವಲ್ಪ. ಬಾಯಿ ತೆರೆದಿಟ್ಟ ಹಳೆಯ ಸುಣ್ಣ ಗಾಳಿಯೊಡನೆ ಸೇರಿ ಮತ್ತೆ ಕಲ್ಲಿನ ಪುಡಿಯಾಗಿರುತ್ತದೆ. ಮೂರು ವರ್ಷದ ಹಿಂದೆ ಅಂಗಡಿಯವರೊಬ್ಬರು ಕೊಟ್ಟ ಅಂಥ ಪೊಟ್ಟಣದಿಂದಲೇ ಇಡೀ ಭರಣಿ ಕೊಳೆತು, ಎಂಟುನೂರು ರೂಪಾಯಿಯಷ್ಟು ಮೊಟ್ಟೆ ಹೋಯಿತು.

ಅಳತೆ ಸರಳ. ಕುದಿಸಿ ಆರಿಸಿದ ನೀರು ಲೀಟರಿಗೆ ಸುಮಾರು 30 ಗ್ರಾಂ ಅರಳಿದ ಸುಣ್ಣ. ಕರಗುವುದು ಅದರಲ್ಲಿ ತೀರ ಸ್ವಲ್ಪ, ಉಳಿದದ್ದು ತಳದಲ್ಲಿ ಕೂರುತ್ತದೆ. ಅದನ್ನು ಸೋಸಿ ತೆಗೆಯಬೇಡಿ; ಮೇಲಿನ ಸುಣ್ಣವನ್ನು ಗಾಳಿ ತಿಂದ ಹಾಗೆಲ್ಲ ತಳದ್ದು ಕರಗಿ ಆ ಜಾಗ ತುಂಬುತ್ತದೆ. ಸುಟ್ಟ ಸುಣ್ಣದ ಹರಳನ್ನು ಮನೆಯಲ್ಲೇ ಅರಳಿಸುವವರು ಪೂರ್ತಿ ತಣಿದ ಮೇಲೆಯೇ ಮೊಟ್ಟೆ ಇಳಿಸಬೇಕು. ಕೈಗೆ ಗವಸು, ಮಕ್ಕಳಿಗೆ ಎಟುಕದ ಜಾಗ. ಕಣ್ಣಿಗೆ ಹಾರಿದರೆ ಸುಣ್ಣ ಸುಡುತ್ತದೆ.

ಮೊಟ್ಟೆ ಅಂದೇ ಇಟ್ಟದ್ದಾಗಿರಬೇಕು, ಹೆಚ್ಚೆಂದರೆ ಹಿಂದಿನ ದಿನದ್ದು. ತೊಳೆಯಬಾರದು. ಇಡುವಾಗಲೇ ಓಡಿನ ಮೇಲೆ ಬರುವ ತೆಳು ಪೊರೆ ತೊಳೆದರೆ ಹೋಗುತ್ತದೆ. ಹಿಕ್ಕೆ ಅಂಟಿದ್ದನ್ನು ಒರೆಸಿ ಇಡುವ ಆಸೆಯೂ ಬೇಡ, ಅದನ್ನು ಅಂದೇ ಬೇಯಿಸಿ ತಿನ್ನಿ. ಕತ್ತಲೆಯಲ್ಲಿ ಮೊಬೈಲ್ ಟಾರ್ಚ್ ಹಿಡಿದು ಕೂದಲೆಳೆಯ ಬಿರುಕನ್ನೂ ನೋಡುತ್ತೇನೆ; ಒಂದು ಬಿರುಕು ಬಿಟ್ಟ ಮೊಟ್ಟೆ ಇಡೀ ಭರಣಿಯನ್ನು ಕೆಡಿಸಬಲ್ಲದು. ಚೂಪು ತುದಿ ಕೆಳಗೆ, ಮೇಲೆ ನಾಲ್ಕು ಬೆರಳು ನೀರು, ನಂತರ ಮುಚ್ಚಳ. ಕೆಲವು ದಿನಗಳಲ್ಲಿ ನೀರಿನ ಮೇಲೆ ಗಾಜಿನಂಥ ಕೆನೆ ಕಟ್ಟುತ್ತದೆ. ಅದು ಒಳ್ಳೆಯದು, ಅನಾವಶ್ಯಕವಾಗಿ ಕದಡಬೇಡಿ. ನಮ್ಮ ಉಗ್ರಾಣದ ಕಲ್ಲುನೆಲ ಮಳೆಗಾಲದಲ್ಲಿ 20 ಡಿಗ್ರಿಯ ಆಸುಪಾಸಿನಲ್ಲಿರುತ್ತದೆ. ಕುಶಾಲನಗರದ ಕಡೆಯ ತಗಡಿನ ಮನೆಗಳಲ್ಲಿ ಏಪ್ರಿಲ್ ತಿಂಗಳು ಹೇಗೆ ನಡೆಯುತ್ತದೋ, ಅಲ್ಲಿಯವರೇ ನೋಡಬೇಕು.

ಹುಂಜದ ವಿಷಯದಲ್ಲಿ ನನ್ನ ಮಾತನ್ನು ಯಾರೂ ಒಪ್ಪಿರಲಿಲ್ಲ. ಕೂಡಿಡುವ ಮೊಟ್ಟೆಗೆ ಹುಂಜ ಬೇಡ. ಸಂಕ್ರಾಂತಿಯ ನಂತರ ಅದನ್ನು ಬೇರೆ ಗೂಡಿಗೆ ಹಾಕಿ, ಮೂರು ವಾರ ದಾಟಿದ ಮೇಲಿನ ಮೊಟ್ಟೆಗಳನ್ನು ಮಾತ್ರ ಭರಣಿಗೆ ಹಾಕುತ್ತೇನೆ. ಹುಂಜ ದೂರವಾದ ಮೇಲೂ ಎರಡು ಮೂರು ವಾರ ಹೇಂಟೆಗಳು ಮರಿಯಾಗಬಲ್ಲ ಮೊಟ್ಟೆ ಇಡುತ್ತಲೇ ಇರುತ್ತವೆ, ಅವು ಬೇಗ ಕೆಡುತ್ತವೆ. ಗಿರಿರಾಜ ಎಂಬ ಸುಧಾರಿತ ತಳಿಯ ಹೇಂಟೆಗಳ ಮೊಟ್ಟೆಗಿಂತ ನಾಟಿ ಮೊಟ್ಟೆಯೇ ನನ್ನ ಭರಣಿಯಲ್ಲಿ ಹೆಚ್ಚು ಉಳಿದಿದೆ.

ತೆಗೆದು ಬಳಸುವಾಗ ನೀರಿನಲ್ಲಿ ಮುಳುಗಿಸಿ ನೋಡುವ ಹಳೆಯ ಪರೀಕ್ಷೆಯನ್ನು ನಂಬಬೇಡಿ. ಸುಣ್ಣದ ನೀರಿನಲ್ಲಿ ಮೊಟ್ಟೆಯ ತೇವ ಆರುವುದಿಲ್ಲ, ಗಾಳಿಗೂಡು ಬೆಳೆಯುವುದಿಲ್ಲ. ಹಾಗಾಗಿ ಆರು ತಿಂಗಳದ್ದೂ ಮುಳುಗುತ್ತದೆ. ಭರಣಿಯಲ್ಲೇ ತೇಲಿದ್ದನ್ನಂತೂ ಒಡೆಯದೆ ಎಸೆಯಿರಿ. ಉಳಿದವನ್ನು ತೊಳೆದು, ಒಂದೊಂದನ್ನೂ ಬೇರೆ ಬಟ್ಟಲಿಗೆ ಒಡೆದು ಮೂಸಿ ನೋಡಿ. ಇಡಿಯಾಗಿ ಬೇಯಿಸುವುದಾದರೆ ದಪ್ಪ ತುದಿಗೆ ಸೂಜಿಯಿಂದ ಚುಚ್ಚಿ, ಇಲ್ಲದಿದ್ದರೆ ರಂಧ್ರ ಮುಚ್ಚಿದ ಓಡು ಬಿರಿಯುತ್ತದೆ. ಹಾಫ್ ಬಾಯಿಲ್ ಬೇಡವೇ ಬೇಡ. ಕೋಳಿಯ ಹೊಟ್ಟೆಯಿಂದಲೇ ಮೊಟ್ಟೆಯೊಳಗೆ ಬಂದ ಸಾಲ್ಮೊನೆಲ್ಲಾ ಎಂಬ ಹೊಟ್ಟೆ ಕೆಡಿಸುವ ರೋಗಾಣುವನ್ನು ಸುಣ್ಣ ಕೊಲ್ಲುವುದಿಲ್ಲ, ಬೆಂಕಿ ಮಾತ್ರ ಕೊಲ್ಲುತ್ತದೆ. ಬಿಳಿ ಲೋಳೆ ತೆಳುವಾಗಿರುತ್ತದೆ. ಸಾರು, ಪಲ್ಯ, ಚೆನ್ನಾಗಿ ಬೆಂದ ಆಮ್ಲೆಟ್‌ಗೆ ಅದರಿಂದ ಕೊರತೆಯಿಲ್ಲ; ಕೇಕಿಗೆ ನೊರೆ ಬರುವುದಿಲ್ಲ.

ಹಣದ ಲೆಕ್ಕ ನೆನಪಿನಿಂದ ಹೇಳುತ್ತೇನೆ. ಬೇಸಿಗೆಯಲ್ಲಿ ನಮ್ಮ ಊರಿನಲ್ಲಿ ನಾಟಿ ಮೊಟ್ಟೆಗೆ ಎಂಟೋ ಒಂಬತ್ತೋ ರೂಪಾಯಿ, ಮಳೆಗಾಲದಲ್ಲಿ ಹದಿನೈದರ ಮೇಲೆ. 20 ಲೀಟರಿನ ಭರಣಿಯಲ್ಲಿ 150ರ ಹತ್ತಿರ ಹಿಡಿಯುತ್ತವೆ, ಸುಣ್ಣಕ್ಕೆ ಐವತ್ತು ರೂಪಾಯಿಯೂ ಆಗುವುದಿಲ್ಲ. ಭರಣಿಯದ್ದನ್ನು ನಾನು ಮಾರುವುದಿಲ್ಲ. ಅದು ಮನೆಗೆ, ಮಳೆಯಲ್ಲಿ ಇಟ್ಟ ಹೊಸ ಮೊಟ್ಟೆ ಪೂರ್ತಿಯಾಗಿ ಹೋಂಸ್ಟೇಗೆ. ಎರಡು ಭರಣಿಯಿಂದ ಈ ಸಲ ಎರಡು ಸಾವಿರ ರೂಪಾಯಿಯಷ್ಟು ಉಳಿದಿದೆ, ಹಾಳಾದದ್ದು ಆರೇಳು ಮೊಟ್ಟೆ ಮಾತ್ರ. ನನಗೆ ಗೊತ್ತಿರುವ ಯಾವ ಮನೆಯಲ್ಲೂ ಈ ಲೆಕ್ಕ ಇಷ್ಟು ಚೆನ್ನಾಗಿ ಬಂದಿಲ್ಲ.

ನಡುವೆ ಕಾಚಂಪುಳಿಯಲ್ಲೂ, ಅಂದರೆ ಹಣ್ಣಿನ ರಸ ಕುದಿಸಿ ಗಟ್ಟಿ ಮಾಡಿದ ನಮ್ಮ ಕಡೆಯ ಕಪ್ಪು ಹುಳಿಯಲ್ಲೂ, ಕೈಯಾಡಿಸಿದೆ. ಗಟ್ಟಿಯಾಗಿ ಬೇಯಿಸಿ ಸುಲಿದ ಮೊಟ್ಟೆಗಳನ್ನು ಕಾಚಂಪುಳಿ, ಕರಿಮೆಣಸು, ಉಪ್ಪು ಸೇರಿಸಿದ ನೀರಿನಲ್ಲಿ ಮುಳುಗಿಸಿ ಫ್ರಿಜ್‌ನಲ್ಲಿಟ್ಟೆ. ನಾಲ್ಕು ದಿನಕ್ಕೆ ಕಪ್ಪಗಾಗಿ ಒಳಗಿನವರೆಗೆ ಹುಳಿ ಇಳಿದಿತ್ತು. ರುಚಿ ಬಹಳ ಚೆನ್ನಾಗಿದೆ, ಅಕ್ಕಿ ರೊಟ್ಟಿಗೆ ಒಪ್ಪುತ್ತದೆ. ಆದರೆ ಇದನ್ನು ಹೊರಗಿಡುವಂತಿಲ್ಲ, ವಾರದೊಳಗೆ ಮುಗಿಸಬೇಕು. ವಿದ್ಯುತ್ ಹೋದ ದಿನ ಇದರಿಂದ ಉಪಯೋಗವಿಲ್ಲ.

ಆರು ತಿಂಗಳಾದರೂ ಮೊಟ್ಟೆಗೆ ಸುಣ್ಣದ ಕಂಪು ಹತ್ತದಂತೆ ನಾನು ಮಾಡುವ ಒಂದು ಸಣ್ಣ ಕೆಲಸವಿದೆ. ಅದನ್ನು ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ. ಸುರಕ್ಷತೆಗೂ ಅದಕ್ಕೂ ಸಂಬಂಧವಿಲ್ಲ, ಮೇಲೆ ಹೇಳಿದ್ದಷ್ಟನ್ನೇ ಮಾಡಿದರೂ ಮೊಟ್ಟೆ ಉಳಿಯುತ್ತದೆ. ಮುಂದಿನ ಫೆಬ್ರವರಿಗೆ ಮೂರನೆಯ ಭರಣಿ ತರುತ್ತಿದ್ದೇನೆ. ಅದರಲ್ಲಿ ಬಾತುಕೋಳಿ ಮೊಟ್ಟೆ ಇಟ್ಟು ನೋಡಬೇಕು.