ರಾಕಿ ಹಿಲ್‌ನ ಡೈನೋಸಾರ್ ಹೆಜ್ಜೆ: ಒಡೆಯದ ಅಚ್ಚು ತೆಗೆದ ನನ್ನ ಅನುಭವ

ಅಮೆರಿಕದ ಕನೆಕ್ಟಿಕಟ್‌ನಲ್ಲಿ ನೆಲೆಸಿರುವ ನಮ್ಮವರಲ್ಲಿ ಹಲವರು ರಾಕಿ ಹಿಲ್‌ನ ಡೈನೋಸಾರ್ ಸ್ಟೇಟ್ ಪಾರ್ಕಿಗೆ ಒಮ್ಮೆಯಾದರೂ ಹೋಗಿ, ಗುಮ್ಮಟದ ಕಟ್ಟಡದೊಳಗೆ ಬಂಡೆಯಲ್ಲಿ ಮೂಡಿರುವ ಡೈನೋಸಾರ್ ಹೆಜ್ಜೆಗಳನ್ನು ಅರ್ಧ ಗಂಟೆಯಲ್ಲಿ ನೋಡಿ ಮುಗಿಸಿ, ಮಕ್ಕಳಿಗೆ ಐಸ್‌ಕ್ರೀಂ ಕೊಡಿಸಿಕೊಂಡು ಬಂದವರೇ. ಹೊರಗಿನ ಅಂಗಳದಲ್ಲಿ ಕಲ್ಲಿನ ಹೆಜ್ಜೆಗೆ ಪ್ಲಾಸ್ಟರ್ ಸುರಿದು ಅಚ್ಚು ತೆಗೆದು ಮನೆಗೆ ತರಬಹುದೆಂಬುದು ಅವರಿಗೂ ಗೊತ್ತು. ಆದರೆ ಅದು ಮೈಕೈ ಕೊಳೆ ಮಾಡಿಕೊಳ್ಳುವ ಕೆಲಸ, ಕಾರಿನಿಂದ ಇಳಿಸುವಷ್ಟರಲ್ಲಿ ಒಡೆದುಹೋಗುತ್ತದೆ ಎಂದು ನನಗೆ ಬುದ್ಧಿ ಹೇಳಿದವರೇ ಹೆಚ್ಚು. ಈಗ ಮೂರು ಬೆರಳಿನ ಹೆಜ್ಜೆ ಒಂದು ಬಿರುಕೂ ಇಲ್ಲದೆ ನಮ್ಮ ಪುಸ್ತಕದ ಕಪಾಟಿನ ಪಕ್ಕದಲ್ಲಿ ನಿಂತಿದೆ. ಬುದ್ಧಿ ಹೇಳಿದವರೇ ನನ್ನ ಬಕೆಟ್ಟನ್ನು ಕೇಳಿ ಒಯ್ಯುತ್ತಿದ್ದಾರೆ.

ಅಚ್ಚಿನ ಅಂಗಳ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಮಾತ್ರ ತೆರೆದಿರುತ್ತದೆ. ಸುಮಾರು 10 ಪೌಂಡ್ ಪ್ಲಾಸ್ಟರ್ ಆಫ್ ಪ್ಯಾರಿಸ್, ಅದು ಕಲ್ಲಿಗೆ ಅಂಟದಿರಲು ಕಾಲು ಕಪ್ ಅಡುಗೆ ಎಣ್ಣೆ, ದೊಡ್ಡ ಬಕೆಟ್ ಮತ್ತು ಹಳೆಯ ಬಟ್ಟೆಯನ್ನು ನಾವೇ ತರಬೇಕು. ಟಿಕೆಟ್ಟಿಗಿಂತ ಪ್ಲಾಸ್ಟರಿಗೇ ಹೆಚ್ಚು ದುಡ್ಡು ಹೋಗುತ್ತದೆ. ಸಣ್ಣ ಡಬ್ಬಿಗಳ ಬದಲು 25 ಪೌಂಡಿನ ಚೀಲ ತಂದರೆ ಎರಡು ಅಚ್ಚಿಗೆ ಸಾಕಾಗುತ್ತದೆ. ನನಗೆ ಇಪ್ಪತ್ತು ಡಾಲರ್ ಆಸುಪಾಸು ಬಿದ್ದ ನೆನಪು. ಕೆಟ್ಟ ಅಚ್ಚುಗಳನ್ನೂ ಲೆಕ್ಕಕ್ಕೆ ಹಿಡಿದರೆ ಒಟ್ಟು ನೂರು ಡಾಲರ್ ದಾಟಿರಬಹುದು.

ಅವು ಕೆಟ್ಟ ಬಗೆಯನ್ನು ಹೇಳುವುದೇ ಹೆಚ್ಚು ಉಪಯೋಗ. ಮೊದಲನೆಯದರಲ್ಲಿ ಪ್ಲಾಸ್ಟರ್ ಸಾಲದೆ ಅಂಚು ತೆಳುವಾಗಿ, ನಡುಬೆರಳು ಕಲ್ಲಿನಲ್ಲೇ ಉಳಿಯಿತು. ಇನ್ನೊಮ್ಮೆ ಜುಲೈ ಬಿಸಿಲಿನಲ್ಲಿ ನೀರು ಕಾದಿದ್ದರಿಂದ, ಸುರಿಯುವ ಮೊದಲೇ ಬಕೆಟ್ಟಿನಲ್ಲಿ ಗಟ್ಟಿಯಾಗಿ ಬಕೆಟ್ಟೂ ಹೋಯಿತು. ಮತ್ತೊಮ್ಮೆ ಎಣ್ಣೆ ಹಳ್ಳದಲ್ಲಿ ಮಡುಗಟ್ಟಿ, ಅಚ್ಚಿನ ಮೈಮೇಲೆ ಸಿಡುಬಿನ ಕಲೆಗಳಂತೆ ಗುಳಿಗಳೆದ್ದವು. ನನ್ನ ಹೆಂಡತಿ ಅದನ್ನು ಮನೆಯೊಳಗೆ ಬಿಟ್ಟುಕೊಳ್ಳಲಿಲ್ಲ.

ಈಗ ಮಾಡುವುದು ಹೀಗೆ. ಎಣ್ಣೆ ಹಚ್ಚಿದ ಮೇಲೆ ಒಣಬಟ್ಟೆಯಿಂದ ಒರೆಸಿ, ಕಲ್ಲು ಮಿನುಗುವಷ್ಟು ಜಿಡ್ಡನ್ನು ಮಾತ್ರ ಉಳಿಸುತ್ತೇನೆ. ಐಸ್ ಪೆಟ್ಟಿಗೆಯ ತಣ್ಣೀರನ್ನು ಮೊದಲು ಬಕೆಟ್ಟಿಗೆ ಹಾಕಿ, ಅದರ ಮೇಲೆ ಪ್ಲಾಸ್ಟರನ್ನು ರಾಗಿ ಹಿಟ್ಟು ಉದುರಿಸಿದ ಹಾಗೆ ಉದುರಿಸಿ, ಅದು ತಾನಾಗಿ ನೆನೆದು ಮುಳುಗುವವರೆಗೆ ಕೈ ಹಾಕದೆ ಬಿಟ್ಟು, ಆಮೇಲೆ ಗುಳ್ಳೆ ಏಳದಂತೆ ಮೆಲ್ಲಗೆ ಕಲಸುತ್ತೇನೆ. ಅರ್ಧ ಸುರಿದು, ಗೋಣಿಚೀಲದ ತುಂಡನ್ನು ಹಾಸಿ, ಉಳಿದರ್ಧವನ್ನು ಅದರ ಮೇಲೆ ಸುರಿಯುತ್ತೇನೆ. ಗೋಣಿಯನ್ನು ಹಾಸುವ ಮೊದಲು ಅದಕ್ಕೆ ಮಾಡುವ ಒಂದು ಸಂಸ್ಕಾರವಿದೆ. ಅದು ನನ್ನಲ್ಲಿಯೇ ಇರಲಿ. ಗಟ್ಟಿಯಾಗುವಾಗ ಪ್ಲಾಸ್ಟರ್ ಬಿಸಿಯೇರುತ್ತದೆ. ಅಂಗೈ ಇಟ್ಟರೆ ಪೂರ್ತಿ ತಣ್ಣಗಾಗಿದೆ ಎನ್ನಿಸುವವರೆಗೆ, ಮುಕ್ಕಾಲು ಗಂಟೆ ಕಳೆದಿದ್ದರೂ, ಎತ್ತಬಾರದು.

ಈ ಕಾಯುವ ಹೊತ್ತೇ ಕುಟುಂಬದ ಪ್ರವಾಸವನ್ನು ಉಳಿಸಿದ್ದು ಎಂದು ನಾನು ಧೈರ್ಯವಾಗಿ ಹೇಳಬಲ್ಲೆ. ಹಾಸನದಿಂದ ಬಂದಿದ್ದ ಮಾವನವರು ಅಚ್ಚಿನ ಕಾವಲಿಗೆ ಕುಳಿತರು, ನಾವು ಗುಮ್ಮಟಕ್ಕೆ ಹೋದೆವು. ತಾವು ಈಗಷ್ಟೇ ಕೈಯಿಂದ ಸವರಿದ ಆಕಾರವೇ ಒಳಗೆ ಬಂಡೆಯ ತುಂಬ ಇರುವುದನ್ನು ಕಂಡ ಮಕ್ಕಳು ಬೇಗ ಹೊರಡುವ ಮಾತೆತ್ತಲಿಲ್ಲ. 1966ರ ಆಗಸ್ಟಿನಲ್ಲಿ ಸರ್ಕಾರಿ ಕಟ್ಟಡವೊಂದರ ಅಡಿಪಾಯ ಅಗೆಯುವಾಗ ಬುಲ್ಡೋಜರ್ ಚಾಲಕ ಎಡ್ವರ್ಡ್ ಮೆಕಾರ್ಥಿಯ ಕಣ್ಣಿಗೆ ಬಿದ್ದ ಹೆಜ್ಜೆಗಳಿವು. ಸಿಕ್ಕ ಸುಮಾರು 2,000 ಹೆಜ್ಜೆಗಳಲ್ಲಿ 500ರಷ್ಟು ಗುಮ್ಮಟದಡಿ ಕಾಣಸಿಗುತ್ತವೆ. ಉಳಿದವನ್ನು ಕಾಪಾಡಲೆಂದು ಮತ್ತೆ ಮಣ್ಣು ಮುಚ್ಚಿದ್ದಾರೆ. ಈ ಬಗೆಯ ಹೆಜ್ಜೆಗೆ ಯೂಬ್ರಾಂಟಿಸ್ ಎಂದು ಹೆಸರು, ವಯಸ್ಸು ಸುಮಾರು 20 ಕೋಟಿ ವರ್ಷ. ಮಾವನವರ ಸರದಿ ಬಂದಾಗ ಅವರು ಫಲಕಗಳನ್ನು ಓದುವ ಗೋಜಿಗೆ ಹೋಗದೆ, ಬೆರಳ ತುದಿ ನೋಡಿ ಯಾವುದು ಎತ್ತ ಹೋಯಿತೆಂದು ತೋಟಕ್ಕೆ ನುಗ್ಗಿದ ದನದ ಜಾಡು ಹಿಡಿದವರಂತೆ ಮೊಮ್ಮಕ್ಕಳಿಗೆ ತೋರಿಸುತ್ತ ಹೋದರು.

ಅಲ್ಲಿಂದ ಒಂದು ಗಂಟೆಯೊಳಗಿನ ದಾರಿಯಲ್ಲಿ, ಮ್ಯಾಸಚೂಸೆಟ್ಸ್‌ನ ಹೋಲಿಯೋಕ್‌ನಲ್ಲಿ, 5ನೇ ಹೆದ್ದಾರಿಗೂ ಕನೆಕ್ಟಿಕಟ್ ನದಿಗೂ ನಡುವೆ ಬಯಲು ಬಂಡೆಯ ಮೇಲೆಯೇ ಹೆಜ್ಜೆಗಳಿವೆ. ಅಲ್ಲಿ ಏನೂ ಕಾಣುವುದಿಲ್ಲವೆಂದು ದೂರುವವರು ನಡುಹಗಲಲ್ಲಿ ಹೋದವರು. ಮಳೆ ನಿಂತ ಮರುದಿನ ಹೋದರೆ ಹೆಜ್ಜೆಗಳಲ್ಲಿ ನೀರು ನಿಂತು ತಾವಾಗಿಯೇ ಎದ್ದು ಕಾಣುತ್ತವೆ. ನೆರಳಿದ್ದಲ್ಲಿ ಟಾರ್ಚನ್ನು ನೆಲಮಟ್ಟಕ್ಕೆ ಹಿಡಿದು ಓರೆಯಾಗಿ ಬೆಳಕು ಬಿಡಬೇಕು. ಹೆಜ್ಜೆಯ ಉದ್ದದ ಸುಮಾರು ನಾಲ್ಕು ಪಟ್ಟು ಪ್ರಾಣಿಯ ಸೊಂಟದೆತ್ತರ ಎಂಬ ಲೆಕ್ಕವನ್ನು ಮಕ್ಕಳಿಂದ ಟೇಪು ಹಿಡಿಸಿ ಮಾಡಿಸಿದೆ. 35 ಸೆಂಟಿಮೀಟರಿನ ಹೆಜ್ಜೆಗೆ ಸುಮಾರು 1.4 ಮೀಟರ್ ಎತ್ತರದ ಸೊಂಟ ಬಂತು. ಅದೇ ಲೆಕ್ಕವನ್ನು ಮಗನ ಪಾದಕ್ಕೆ ಹಾಕಿದಾಗ ಅವನು ಇರುವುದಕ್ಕಿಂತ ಸಾಕಷ್ಟು ಎತ್ತರವಾದ. ಮನುಷ್ಯರಿಗೆ ಮೂರೂವರೆ ಪಟ್ಟು ಸರಿಹೋಗುತ್ತದೆ ಎಂಬುದು ನಮ್ಮ ಮನೆಯ ಸಂಶೋಧನೆ.

ಬಣ್ಣದ ಪ್ರಯೋಗ ಇನ್ನೊಂದು ಕಥೆ. ಕಾಫಿ ಡಿಕಾಕ್ಷನ್ ಬಳಿದರೆ ಪಟ್ಟೆಪಟ್ಟೆಯಾಗುತ್ತದೆ. ರಂಗೋಲಿಯ ಅಂಚಿಗೆಂದು ಊರಿನಿಂದ ತಂದ ಕೆಮ್ಮಣ್ಣನ್ನು ಪ್ಲಾಸ್ಟರಿಗೇ ಬೆರೆಸಿದಾಗ ಈ ಕನೆಕ್ಟಿಕಟ್ ನದಿ ಕಣಿವೆಯ ಕಂದುಗೆಂಪು ಮರಳುಗಲ್ಲಿನ ಬಣ್ಣ ಬಂತು. ಹೆಚ್ಚಾದರೆ ಮೈ ಪುಡಿಪುಡಿಯಾಗುತ್ತದೆ. ಸರಿಯಾದ ಅಳತೆ ಬೇಕಾದವರು ಮನೆಗೆ ಕಾಫಿಗೆ ಬನ್ನಿ.

ಬಕೆಟ್ ತೊಳೆದ ನೀರನ್ನು ಮನೆಯ ಸಿಂಕಿಗೆ ಸುರಿಯಬೇಡಿ, ಕೊಳವೆಯಲ್ಲಿ ಕಲ್ಲಾಗುತ್ತದೆ. ಒಣಗಿದ ಮೇಲೂ ಅಚ್ಚು ಐದು ಕಿಲೋ ತೂಗುತ್ತದೆ. ಕಪಾಟಿನ ಪಕ್ಕದ್ದಲ್ಲದ ಇನ್ನೊಂದು ಅಚ್ಚನ್ನು ಹಾಸನಕ್ಕೆ ಕಳಿಸಲು ಕೊರಿಯರ್‌ನವರು ನೂರು ಡಾಲರಿಗೂ ಮೇಲೆ ಕೇಳಿದ್ದರಿಂದ, ಎರಡು ವಾರ ಒಣಗಿಸಿ, ವಾರ್ನಿಶ್ ಹೊಡೆದು, ಮಾವನವರ ಪೆಟ್ಟಿಗೆಯಲ್ಲಿ ಎರಡು ದಪ್ಪ ಟವೆಲ್‌ಗಳ ನಡುವೆ ಬೆರಳುಗಳು ಮೇಲ್ಮುಖವಾಗಿರುವಂತೆ ಇಟ್ಟು ಕಳಿಸಿದೆ. ಬೆರಳುಗಳು ಕೆಳಮುಖವಾಗಿದ್ದರೆ ಭಾರವೆಲ್ಲ ಅವುಗಳ ಮೇಲೆಯೇ ಬೀಳುತ್ತದೆ.