ಏಡಿ ತೊಟ್ಟಿಯಲ್ಲಿ ನುಸಿ ಬಿದ್ದರೆ

ಖಾಲಿ ಶಂಖವನ್ನೇ ಮನೆ ಮಾಡಿಕೊಳ್ಳುವ ಶಂಖದ ಏಡಿ (ಹರ್ಮಿಟ್ ಕ್ರ್ಯಾಬ್) ಸಾಕಿದ ಗಾಜಿನ ತೊಟ್ಟಿಯಲ್ಲಿ ಏನೋ ಸಣ್ಣಗೆ ಹರಿದಾಡಿತೆಂದರೆ ಕೈ ಹೋಗುವುದು ಸ್ಪ್ರೇ ಡಬ್ಬಿಗೆ, ಇಲ್ಲವೇ ಇರುವೆ ಬಳಪಕ್ಕೆ. ಎರಡನ್ನೂ ಆ ಕೋಣೆಯಿಂದಲೇ ಆಚೆ ಇಡಿ. ಏಡಿಯೂ ಹುಳುವಿನಂತೆ ಸಂಧಿಪದಿ, ಅಂದರೆ ಕಾಲಿನಲ್ಲಿ ಗೆಣ್ಣುಗಳಿರುವ ಜೀವಿ. ನುಸಿಯ ನರಕ್ಕೆ ಹತ್ತಿದ ವಿಷ ಅದಕ್ಕೂ ಹತ್ತುತ್ತದೆ. ನುಸಿಗುಳಿಗೆ, ಕರ್ಪೂರ, ಸೊಳ್ಳೆ ಬತ್ತಿಯ ಹೊಗೆ ಯಾವುದೂ ಬೇಡ. ಬೇವಿನೆಣ್ಣೆ ಗಿಡದ್ದು, ಏನೂ ಆಗುವುದಿಲ್ಲ ಎನ್ನುವವರಿದ್ದಾರೆ. ಹುಳ ಕಳೆಯಲಿಕ್ಕೇ ಅಲ್ಲವೇ ಅದನ್ನು ತೊಗರಿಗೆ ಹೊಡೆಯುವುದು?

ಬಂದದ್ದು ಯಾವ ಹುಳ ಎಂದು ಮೊದಲು ತಿಳಿಯಿರಿ. ರಾತ್ರಿ ದೀಪ ಆರಿಸಿ ಟಾರ್ಚ್ ಹಿಡಿದು, ಭೂತಗನ್ನಡಿಯಲ್ಲಿ ನೋಡಿ. ಬೆಳ್ಳಗೆ ತುಸು ಉದ್ದಕ್ಕಿದ್ದು, ಕಡ್ಡಿ ತಾಗಿಸಿದರೆ ಚಂಗನೆ ಜಿಗಿದರೆ ಅದು ಸ್ಪ್ರಿಂಗ್‌ಟೇಲ್. ಬೂಸು ತಿಂದು ತೊಟ್ಟಿ ಸ್ವಚ್ಛ ಇಡುತ್ತದೆ, ಅದರ ತಂಟೆಗೆ ಹೋಗಬೇಡಿ. ಗುಂಡಗಿದ್ದು, ಜಿಗಿಯದೆ, ಧೂಳೇ ಹರಿದಂತೆ ನಿಧಾನ ಸರಿಯುವುದು ನುಸಿ. ಕಾಲು ಎಂಟು. ಊಟದ ತಟ್ಟೆಯ ಅಂಚು, ಕಟ್ಟಿಗೆಯ ಸಂದು, ಗಾಜಿನ ಒದ್ದೆ ಮೂಲೆ ಇವೇ ಅದರ ಜಾಗ.

ನುಸಿ ತೊಟ್ಟಿಯಲ್ಲಿ ತಾನಾಗಿ ಹುಟ್ಟುವುದಿಲ್ಲ. ನಮ್ಮ ಕಲಬುರಗಿ ಕಡೆ ಮನೆಮನೆಯಲ್ಲೂ ತೊಗರಿ, ಜೋಳದ ಚೀಲ ಇರುತ್ತವೆ; ಮಿರಗದ ಮಳೆ ಹಿಡಿದು ಕಾಳಿಗೆ ತಂಪು ತಾಗಿತೋ, ಚೀಲದ ಬುಡದಲ್ಲಿ ನುಸಿ ಏಳುತ್ತದೆ. ಅದೇ ಕೋಣೆಯಲ್ಲಿ ತೊಟ್ಟಿ ಇಟ್ಟರೆ ಕರೆದು ಕೂರಿಸಿದಂತೆ. ಅಂಗಡಿಯ ಒಣ ತಿನಿಸಿನ ಜೊತೆಗೂ ಬರುತ್ತದೆ. ಹೊಸ ಪೊಟ್ಟಣವನ್ನು ಬಿಗಿ ಡಬ್ಬಿಗೆ ಹಾಕಿ ನಾಲ್ಕು ದಿನ ಫ್ರೀಜರಿನಲ್ಲಿಟ್ಟು ಆಮೇಲೆ ಬಳಸಿ. ಹೊಸ ಕಟ್ಟಿಗೆ, ಖಾಲಿ ಶಂಖಗಳನ್ನು ಹತ್ತು ನಿಮಿಷ ಕುದಿಸಿ ಆರಿಸಿಯೇ ಒಳಗಿಡಬೇಕು.

ಈಗಾಗಲೇ ಬಿದ್ದಿದ್ದರೆ ಎರಡು ದಿನ ಊಟ ಹಾಕಬೇಡಿ. ನೀರಿನ ಬಟ್ಟಲುಗಳು ಮಾತ್ರ ಇರಲಿ, ಏಡಿ ತಡೆಯುತ್ತದೆ. ಸಂಜೆ ತೊಳೆದ ಸೌತೆಕಾಯಿಯ ದಪ್ಪ ಬಿಲ್ಲೆ ಎರಡು ಮೂರು ಕಡೆ ಉಸುಕಿನ ಮೇಲೆ ಬೋರಲು ಹಾಕಿ. ಬೆಳಗಿಗೆ ತಳದಲ್ಲಿ ನುಸಿ ಹಿಟ್ಟು ಮೆತ್ತಿದಂತೆ ಕೂಡಿರುತ್ತದೆ. ಬಿಲ್ಲೆಯನ್ನು ನೇರ ಬಿಸಿನೀರಿಗೆ ಹಾಕಿ, ಸಂಜೆಗೆ ಹೊಸದು ಇಡಿ. ಬರೀ ಬಿಲ್ಲೆ ಬರುವವರೆಗೂ ಬಿಡಬಾರದು. ಗಾಜನ್ನು ಬಿಸಿನೀರಿನ ಬಟ್ಟೆಯಿಂದ ಒರೆಸಿ, ಸೋಪು ಬೇಡ.

ಏಡಿಯ ಕಾಲಿನ ಸಂದಿಗೆ, ಕಣ್ಣಿನ ಬುಡಕ್ಕೆ ನುಸಿ ಹತ್ತಿದ್ದರೆ ಸ್ನಾನ ಮಾಡಿಸಬೇಕು. ಕ್ಲೋರಿನ್ ತೆಗೆದ ನೀರು ಒಂದು ಲೀಟರಿಗೆ ಅಕ್ವೇರಿಯಂ ಅಂಗಡಿಯ ಸಮುದ್ರದ ಉಪ್ಪು ಸುಮಾರು 35 ಗ್ರಾಂ. ಅಡುಗೆಯ ಅಯೋಡಿನ್ ಉಪ್ಪು ನಡೆಯದು. ನೀರು ತೊಟ್ಟಿಯಷ್ಟೇ ಬೆಚ್ಚಗಿರಲಿ. ಏಡಿಯನ್ನು ಮುಳುಗಿಸಿ ಶಂಖವನ್ನು ಮೆಲ್ಲಗೆ ಹೊರಳಿಸಿದರೆ ಒಳಗಿನ ಗಾಳಿ ಗುಳ್ಳೆಯಾಗಿ ಹೊರಡುತ್ತದೆ, ಅದರ ಹಿಂದೆ ನುಸಿಯೂ ತೇಲಿ ಬರುತ್ತದೆ. ಒಂದೆರಡು ನಿಮಿಷ ಸಾಕು. ಶಂಖದಿಂದ ಏಡಿಯನ್ನು ಎಳೆಯಲು ಹೋಗಬೇಡಿ. ಎಳೆದರೆ ಅದು ಹರಿದೀತೇ ಹೊರತು ಬಾರದು.

ಕಷ್ಟ ಇರುವುದು ಉಸುಕಿನೊಳಗೆ ಹೋಗಿ ಪೊರೆ ಬಿಡುತ್ತಿರುವ ಏಡಿಯದು. ನಡುಗಾತ್ರದ್ದಕ್ಕೆ ನಾಲ್ಕರಿಂದ ಎಂಟು ವಾರ ಬೇಕು, ದೊಡ್ಡದಕ್ಕೆ ಇನ್ನೂ ಹೆಚ್ಚು. ಆಗ ಅದರ ಮೈ ಮೆತ್ತಗಿರುತ್ತದೆ, ಅಗೆದರೆ ಉಳಿಯದು. ಎಲ್ಲ ಏಡಿಗಳೂ ಮೇಲೆ ಬರುವ ತನಕ ಉಸುಕು ಬದಲಿಸುವ ಮಾತೇ ಬೇಡ, ಸೌತೆ ಬಿಲ್ಲೆಯಲ್ಲೇ ದಿನ ತಳ್ಳಿ. ಬದಲಿಸುವಾಗ ಐದು ಪಾಲು ಉಸುಕಿಗೆ ಒಂದು ಪಾಲು ಕೋಕೋಪೀಟ್ (ತೆಂಗಿನ ನಾರಿನ ಪುಡಿ), ಕನಿಷ್ಠ 15 ಸೆಂ.ಮೀ. ಆಳ, ಹಿಡಿದರೆ ಉಂಡೆ ನಿಲ್ಲುವಷ್ಟೇ ತೇವ. ಗೊಬ್ಬರ ಬೆರೆಸಿದ ಕೋಕೋಪೀಟ್ ತರಬೇಡಿ.

ಬೇಸಿಗೆಯಲ್ಲಿ ನಮ್ಮವರು ಮಾಡುವ ತಪ್ಪು ನೀರು ಸುರಿಯುವುದು. ಹೊರಗೆ 43 ಡಿಗ್ರಿ, ಗಾಳಿ ಒಣಒಣ. ಏಡಿಗೆ ಬೇಕಾದದ್ದು 24ರಿಂದ 29 ಡಿಗ್ರಿ, ತೇವಾಂಶ ಶೇ. 75–85. ಉಸುಕಿಗೆ ಚೆಂಬುಗಟ್ಟಲೆ ಹೊಯ್ದರೆ ನೀರು ತಳಕ್ಕಿಳಿದು ಕೊಳೆಯುತ್ತದೆ. ಪಕ್ಕದ ಗಾಜಿನಲ್ಲಿ ಕಪ್ಪು ಪಟ್ಟಿ ಕಾಣುತ್ತದೆ. ಅದರ ಬದಲು ಮುಚ್ಚಳದ ಜಾಲರಿಯ ಮುಕ್ಕಾಲು ಭಾಗ ಗಾಜಿನಿಂದ ಮುಚ್ಚಿ, ನೀರಿನ ಬಟ್ಟಲು ಅಗಲದ್ದಿಡಿ. ಕೂಲರಿನ ಗಾಳಿ ನೇರ ಬಡಿಯದಂತೆ ಒಳಕೋಣೆಯಲ್ಲಿ ಇರಲಿ. ಪರ್ಸಿ ಕಲ್ಲಿನ ಸಂದಿಯಿಂದ ಇರುವೆ ಏಳುತ್ತದೆಯಲ್ಲ, ಅದಕ್ಕೆ ಹಿಂದಿನವರು ಹಾಲಿನ ಕಪಾಟಿಗೆ ಮಾಡುತ್ತಿದ್ದದ್ದೇ ಉಪಾಯ: ಸ್ಟ್ಯಾಂಡಿನ ನಾಲ್ಕೂ ಕಾಲು ನೀರಿನ ಬಟ್ಟಲಲ್ಲಿ, ಸ್ಟ್ಯಾಂಡು ಗೋಡೆಗೆ ತಾಗದಂತೆ. ಬೇಸಿಗೆಯಲ್ಲಿ ಆ ನೀರು ಬೇಗ ಆರುತ್ತದೆ, ಬೆಳಿಗ್ಗೆ ಸಂಜೆ ನೋಡುತ್ತಿರಿ.

ಹಾರುವವುಗಳಲ್ಲಿ ಕೆಂಪು ಕಣ್ಣಿನ ಹಣ್ಣಿನ ನೊಣಕ್ಕೆ ಎರಡು ಚಮಚ ವಿನಿಗರ್, ಒಂದು ಹನಿ ಪಾತ್ರೆ ಸೋಪು ಹಾಕಿದ ಬಟ್ಟಲನ್ನು ತೊಟ್ಟಿಯ ಹೊರಗೆ ಇಡಿ. ಸೊಳ್ಳೆಯಂಥ ಕಪ್ಪು ಹುಳಕ್ಕೆ ವಿನಿಗರ್ ಅಷ್ಟಾಗಿ ಹಿಡಿಸದು. ಅದಕ್ಕೆ ಕೃಷಿ ಅಂಗಡಿಯ ಹಳದಿ ಅಂಟು ಹಾಳೆ ಬೇಕು, ಅದೂ ಹೊರಗೇ. ಮರಿ ಇರುವುದು ಉಸುಕಿನ ಮೇಲ್ಪದರದಲ್ಲಿ. ಮೇಲ್ಮೈ ಸ್ವಲ್ಪ ಆರಲು ಬಿಟ್ಟು ಒಂದು ತಿಂಗಳು ಹಾಳೆ ಇಟ್ಟರೆ ಸಂತಾನ ತುಂಡಾಗುತ್ತದೆ.

ಗೂನು ಬೆನ್ನಿನ ನೊಣ, ಹಾರುವುದಕ್ಕಿಂತ ಗಾಜಿನ ಮೇಲೆ ದಡಬಡ ಓಡುವುದೇ ಹೆಚ್ಚು, ಜೊತೆಗೆ ಕೊಳೆತ ಮೀನಿನ ವಾಸನೆ ಬಂದರೆ ಒಳಗೊಂದು ಏಡಿ ಸತ್ತಿರಬಹುದು. ವಾಸನೆ ಬರುವ ಜಾಗ ಒಂದನ್ನೇ ಚಮಚದಿಂದ ಪದರ ಪದರವಾಗಿ ಕೆದಕಿ. ಸಿಕ್ಕದ್ದು ಹಗುರ, ಟೊಳ್ಳು, ವಾಸನೆಯಿಲ್ಲದ್ದಾದರೆ ಅದು ಬಿಟ್ಟ ಪೊರೆ. ಏಡಿ ಅದನ್ನೇ ತಿಂದು ಮೈ ಗಟ್ಟಿ ಮಾಡಿಕೊಳ್ಳುತ್ತದೆ, ಇದ್ದಲ್ಲೇ ಬಿಟ್ಟು ಉಸುಕು ಮುಚ್ಚಿ.